ಮಾಗಿಯ ಇರುಳು ಮತ್ತು ಮಳವಳ್ಳಿಯ ಆಕಾಶ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪನ್ನವಾದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿಸಿತು. ಇಂದು ಆ ನಗರದ ಬೆಳಕೇ ಮದ್ದೂರು, ಮಳವಳ್ಳಿಗಳ ಈಶಾನ್ಯ ದಿಗಂತವನ್ನು ಬೆಳ್ಳಗಾಗಿಸಿ ಮಂದ ನಕ್ಷತ್ರಗಳನ್ನು ಮರೆಮಾಡುತ್ತಿದೆ. ನಕ್ಷತ್ರ ವೀಕ್ಷಣೆಗೆ ಹೊರಡುವ ಹವ್ಯಾಸಿ ಸಂಘದವರು ಮೊಟ್ಟಮೊದಲು ಗಮನಿಸತಕ್ಕ ಸಂಗತಿಯಿದು.

ಹಾಗಿದ್ದರೂ ಈ ಸೀಮೆಯ ಭಾಗ್ಯ ಅಲ್ಪವಾದುದಲ್ಲ. ಮಂಡ್ಯವು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 12½ ಡಿಗ್ರಿ ಅಕ್ಷಾಂಶದಲ್ಲಿದೆ. ಧ್ರುವನಕ್ಷತ್ರದ ಎತ್ತರವು ನೋಡುವ ಸ್ಥಳದ ಅಕ್ಷಾಂಶಕ್ಕೆ ಸರಿಸುಮಾರು ಸಮನಾಗಿರುವುದರಿಂದ, ಧ್ರುವನು ಇಲ್ಲಿ ಉತ್ತರ ದಿಗಂತದಿಂದ 12½ ಡಿಗ್ರಿ ಮೇಲಿರುತ್ತಾನೆ. ತೋಳನ್ನು ನೀಳವಾಗಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ವಿದ್ಯಾರ್ಥಿಗಳು ತಾವೇ ಅಳೆದು ನೋಡಬಹುದು. ಇನ್ನು ದಕ್ಷಿಣದ ಅಗಸ್ತ್ಯನಕ್ಷತ್ರವು ಖಗೋಳದ ವಿಷುವದ್ವೃತ್ತದಿಂದ 52.7 ಡಿಗ್ರಿ ದಕ್ಷಿಣಕ್ಕಿದೆ. 90ರಿಂದ 12.5ನ್ನೂ 52.7ನ್ನೂ ಕಳೆದರೆ ಉಳಿಯುವುದು 24.8. ಅಷ್ಟು ಡಿಗ್ರಿ ಎತ್ತರಕ್ಕೆ ಅಗಸ್ತ್ಯನು ನಮ್ಮಲ್ಲಿ ಏರುತ್ತಾನೆ. ಲಂಡನ್ನಿನವರಿಗೆ ಅವನು ಉದಯಿಸುವುದೇ ಇಲ್ಲ.

ಖಗೋಳದ ಎರಡು ಗೋಲಾರ್ಧಗಳನ್ನೂ ಹೀಗೆ ನೋಡಲು ಸಾಧ್ಯವೆಂಬುದು, ವೈನು ಬಪ್ಪು ಅವರು ತಮಿಳುನಾಡಿನ ಕಾವಲೂರನ್ನು ವೀಕ್ಷಣಾಲಯಕ್ಕೆ ಆರಿಸಿದುದರ ಕಾರಣಗಳಲ್ಲೊಂದು. 1986ರಲ್ಲಿ ಅಲ್ಲಿ 2.34 ಮೀಟರ್ ವ್ಯಾಸದ ದೂರದರ್ಶಕವು ಉದ್ಘಾಟನೆಗೊಂಡಿತು. ಕಾವಲೂರಿನ ಅಕ್ಷಾಂಶವೂ ಮದ್ದೂರಿನ ಅಕ್ಷಾಂಶವೂ ಹೆಚ್ಚುಕಡಮೆ ಒಂದೇ. ಆದುದರಿಂದ ಆ ದೂರದರ್ಶಕದ ನೆತ್ತಿಯ ಮೇಲೆ ಹಾಯುವ ನಕ್ಷತ್ರವು ಸುಮಾರು ಏಳು ನಿಮಿಷಗಳ ತರುವಾಯ ಮದ್ದೂರಿನ ನೆತ್ತಿಯ ಮೇಲೂ ಹಾಯುವುದು!

ದಿನವನ್ನು ಪಂಚಾಂಗ ನೋಡಿ ಗೊತ್ತುಮಾಡಬೇಕು. ಮಾರ್ಗಶಿರ, ಪುಷ್ಯ ಮಾಸಗಳ ಅಮಾವಾಸ್ಯೆಯ ಆಸುಪಾಸು ಉತ್ತಮ. ಜನವರಿಯ ನಡುವಿನಲ್ಲಿ ಮಹಾವ್ಯಾಧನು ರಾತ್ರಿ ಹತ್ತೂಕಾಲರ ಹೊತ್ತಿಗೂ, ಅಗಸ್ತ್ಯನು ಹನ್ನೊಂದರ ಸುಮಾರಿಗೂ ತಮ್ಮ ಪರಮೋಚ್ಚ ಸ್ಥಾನಕ್ಕೆ ಬರುತ್ತಾರೆ. ದಿನವೊಂದಕ್ಕೆ ನಾಲ್ಕು ನಿಮಿಷ ಮುಂಚಿತವಾಗುತ್ತ ಹೋಗುವುದರಿಂದ, ಫೆಬ್ರವರಿಯ ನಡುವಿಗೆ ಇದೆಲ್ಲವೂ ಎರಡು ಗಂಟೆ ಮೊದಲೇ ಆಗುವುದು.

ಸ್ಥಳದ ಆಯ್ಕೆ ಇದಕ್ಕಿಂತ ಕಠಿಣ. ಮೋಡವಿಲ್ಲದ ಮಾಗಿಯ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಬೇಗನೆ ಕಳೆದುಕೊಂಡು, ಅದನ್ನು ತಾಗಿದ ಗಾಳಿ ತಣ್ಣಗಾಗುತ್ತದೆ. ಮೇಲಿನ ಗಾಳಿ ಬೆಚ್ಚಗೆ ಉಳಿಯುತ್ತದೆ. ತಣ್ಣನೆಯ ಭಾರವಾದ ಗಾಳಿಯು ಮೇಲೇಳದೆ ನಿಲ್ಲುವುದರಿಂದ ಆಲೆಮನೆಯ ಹೊಗೆ ಹಾಸಿಗೆ ಹಾಸಿದಂತೆ ಹರಡುವುದನ್ನು ಮಂಡ್ಯದ ಕಡೆಯವರು ಕಂಡೇ ಇರುತ್ತಾರೆ. ನಾಲೆಯ ಬಯಲಿನ ಗದ್ದೆ, ಕಬ್ಬಿನ ತೋಟಗಳ ಬಳಿ ತೇವ ಹೆಚ್ಚು. ನಡುರಾತ್ರಿಯ ಮೇಲೆ ಅಲ್ಲಿ ಮಂಜು ಕವಿದು ಮಸೂರಗಳ ಮೇಲೆ ಇಬ್ಬನಿ ಕೂರುತ್ತದೆ. ಆದುದರಿಂದ ನೀರಾವರಿಯಿಲ್ಲದ, ದಕ್ಷಿಣ ದಿಕ್ಕು ತೆರೆದಿರುವ ದಿಣ್ಣೆಯೇ ಯೋಗ್ಯ. ನನ್ನ ಮತ ಮಳವಳ್ಳಿಯ ದಕ್ಷಿಣದ ಸೀಮೆಗೆ. ಅಲ್ಲಿಂದ ದಕ್ಷಿಣಕ್ಕೆ ಕೊಳ್ಳೇಗಾಲದಂಥ ಪಟ್ಟಣವನ್ನು ಬಿಟ್ಟರೆ ದೊಡ್ಡ ನಗರವಿಲ್ಲ. ಬೆಂಗಳೂರು ಬೆನ್ನ ಹಿಂದಾಗುವುದು. ಜಮೀನಿನವರ ಅನುಮತಿ ಪಡೆದು, ಹಗಲಿನಲ್ಲೇ ಹೋಗಿ ಹುತ್ತ, ಹಾಳುಬಾವಿಗಳಿಲ್ಲವೆಂದು ನೋಡಿಕೊಂಡು ಬರತಕ್ಕದ್ದು.

ಉಪಕರಣಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕಂಬಳಿ, ನಕ್ಷತ್ರಪಟ, ಕೆಂಪು ಕಾಗದ ಸುತ್ತಿದ ಟಾರ್ಚು, ಒಂದು ಜೋಡಿ ದುರ್ಬೀನು ಸಾಕು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಆ ನಡುವೆ ಯಾರಾದರೂ ಮೊಬೈಲನ್ನು ಬೆಳಗಿಸಿದರೆ ಮತ್ತೆ ಮೊದಲಿನಿಂದ ಕಾಯಬೇಕಾದೀತು.

ಸಂಘದಲ್ಲಿ ಜನರಿದ್ದರೆ ಒಂದು ಪ್ರಯೋಗವನ್ನು ಮಾಡಬಹುದು. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಒಂದೊಂದು ತಂಡವು ಅದೇ ರಾತ್ರಿ ಹತ್ತು ಗಂಟೆಗೆ, ಮಹಾವ್ಯಾಧನ ನಾಲ್ಕು ಮೂಲೆಯ ನಕ್ಷತ್ರಗಳ ಚೌಕದೊಳಗೆ ಬರಿಗಣ್ಣಿಗೆ ಕಾಣುವ ಚುಕ್ಕೆಗಳನ್ನು ಎಣಿಸಿ ಬರೆದಿಡಲಿ. ಆ ಹೊತ್ತಿನಲ್ಲಿ ಮೂರೂ ಕಡೆ ಅವನ ಎತ್ತರ ಬಹುಮಟ್ಟಿಗೆ ಒಂದೇ ಆದುದರಿಂದ, ಎಣಿಕೆಯ ಅಂತರಕ್ಕೆ ಮುಖ್ಯ ಕಾರಣ ಊರ ಬೆಳಕು ಅಥವಾ ಹೊಗೆಮಂಜು ಎಂದು ತರ್ಕಿಸಬಹುದು. ಎಣಿಸುವವರ ಕಣ್ಣಿನ ಭೇದವು ಲೆಕ್ಕವನ್ನು ಕೆಡಿಸದಂತೆ, ಪ್ರತಿ ತಂಡದಲ್ಲೂ ನಾಲ್ಕಾರು ಮಂದಿ ಬೇರೆಬೇರೆಯಾಗಿ ಎಣಿಸಿ ಸರಾಸರಿ ತೆಗೆಯಬೇಕು.

ಬೆಳಗಿನ ಜಾವದವರೆಗೂ ಎಚ್ಚರವಿದ್ದವರು ಐದು ಗಂಟೆಗೆ ದಕ್ಷಿಣಕ್ಕೆ ತಿರುಗಲಿ. ಮಂಜು ಕವಿಯದಿದ್ದರೆ, ದಿಗಂತದಿಂದ 17 ಡಿಗ್ರಿಯ ಸುಮಾರು ಎತ್ತರದಲ್ಲಿ ತ್ರಿಶಂಕು ನಕ್ಷತ್ರಪುಂಜವು ನೆಟ್ಟಗೆ ನಿಂತಿರುವುದು ಕಾಣಿಸುವುದು.