ಕೈಯ ಕಸಬಿಗೆ ಕಾಗದದ ಸಾಕ್ಷಿ

ಚಿಮ್ಮಡದಂಥ ಒಂದು ಊರಿನಲ್ಲಿ ಈ ಹೊತ್ತು ಎಷ್ಟು ಎಲೆಕ್ಟ್ರಾನಿಕ್ ಉಪಕರಣಗಳಿವೆಯೆಂದು ಎಣಿಸಹೋದರೆ ಕೈಬೆರಳುಗಳು ಸಾಲವು. ಗೋಡೆಗೆ ಟಿ.ವಿ., ಮೂಲೆಯಲ್ಲಿ ಇನ್ವರ್ಟರು, ಕೈಕೈಗೆ ಮೊಬೈಲು, ಕಿರಾಣಿ ಅಂಗಡಿಯಲ್ಲಿ ಅಂಕೆ ತೋರಿಸುವ ತಕ್ಕಡಿ, ಕಬ್ಬಿನ ಹಂಗಾಮಿಗೆ ಕಾರಖಾನೆಯ ದೊಡ್ಡ ಕಾಟಾ. ಇವುಗಳಲ್ಲಿ ಒಂದು ಕೆಟ್ಟು ನಿಂತರೆ ನಾವು ದುರಸ್ತಿ ಮಾಡುವವರ ಮೊರೆ ಹೋಗುತ್ತೇವೆ. ಮುಚ್ಚಳ ತೆಗೆದ ಮೇಲೆ ಅವರು ಒಳಗೆ ಏನು ಮಾಡುವರೆಂಬದು ನಮಗೆ ತಿಳಿಯದು. ಹೇಳಿದ್ದನ್ನು ನಂಬಿ, ಕೇಳಿದ್ದನ್ನು ಕೊಟ್ಟು ಬರುತ್ತೇವೆ. ವೈದ್ಯರಿಗೆ ಪದವಿಯುಂಟು, ಉಪಾಧ್ಯಾಯಿನಿಗೆ ಶಿಕ್ಷಣದ ಪರೀಕ್ಷೆಯುಂಟು. ಈ ಕಸಬಿನವರಿಗೆ ಸಾಕ್ಷಿ ಯಾವುದು? ಈ ವಿಷಯವನ್ನು ಇಲ್ಲಿ ಸ್ವಲ್ಪ ವಿಚಾರ ಮಾಡುವೆವು. ನಮ್ಮ ಹೆಣ್ಣುಮಕ್ಕಳಿಗೂ ಇದು ಸಂಬಂಧಪಟ್ಟದ್ದೆಂಬದು ಮುಂದೆ ತಿಳಿದುಬರುವದು.

ಮೊದಲು ಮೂರು ಬಗೆಯ ಕಾಗದಗಳನ್ನು ಬೇರೆಬೇರೆಯಾಗಿ ತಿಳಿಯತಕ್ಕದ್ದು. ಕಲಿತು, ಪರೀಕ್ಷೆ ಕೊಟ್ಟು, ತೇರ್ಗಡೆಯಾದುದಕ್ಕೆ ದೊರೆಯುವದು ಪ್ರಮಾಣಪತ್ರ. ಯಾವ ಕಾಗದವಿಲ್ಲದೆ ಕೆಲಸ ಮಾಡಕೂಡದೆಂದು ಕಾಯಿದೆ ಹೇಳುವದೋ ಅದು ಪರವಾನಿಗೆ. ತನ್ನ ಸರಕನ್ನು ಇಂಥವರೇ ಬಿಚ್ಚಬಹುದೆಂದು ಕಂಪನಿ ಕೊಡುವದು ಒಪ್ಪಿಗೆಪತ್ರ. ಅದು ಆ ಕಂಪನಿಯ ಸರಕಿನ ಮಟ್ಟಿಗೆ ಮಾತ್ರ.

ನಮ್ಮ ದೇಶದಲ್ಲಿ ಮೊಬೈಲು ಅಥವಾ ಟಿ.ವಿ. ದುರಸ್ತಿ ಮಾಡಲು ಕೈಕಸಬಿನ ಪರವಾನಿಗೆ ಬೇಕೆಂಬ ಕಾಯಿದೆಯಿಲ್ಲ. ಆದರೆ ತಕ್ಕಡಿಯ ಮಾತು ಬೇರೆ. ೨೦೦೯ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಮೇರೆಗೆ ತೂಕದ ಯಂತ್ರಗಳನ್ನು ದುರಸ್ತಿ ಮಾಡುವವರು ಪರವಾನಿಗೆ ಪಡೆಯಲೇಬೇಕು. ದುರಸ್ತಿಯಾದ ಯಂತ್ರವನ್ನು ಮತ್ತೆ ಪರೀಕ್ಷಿಸಿ ಮುದ್ರೆಯೊತ್ತಿದ ಮೇಲೆಯೇ ಬಳಸತಕ್ಕದ್ದು. ಅದರಂತೆ ಕಟ್ಟಡಗಳ ವಿದ್ಯುತ್ ಜೋಡಣೆ ಮಾಡುವ ವೈರಮನ್ನರಿಗೆ ನಮ್ಮ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯವು ಪರವಾನಿಗೆ ಕೊಡುತ್ತದೆ. ಈ ಭೇದದ ಕಾರಣ ಸ್ಪಷ್ಟವಾಗಿದೆ. ಟಿ.ವಿ. ಕೆಟ್ಟರೆ ಅದರ ಒಡೆಯನಿಗೆ ನಷ್ಟ. ಕಾಟಾ ತಪ್ಪಿದರೆ ಅದರ ಮೇಲೆ ಗಾಡಿ ನಿಲ್ಲಿಸಿದ ಪ್ರತಿಯೊಬ್ಬ ರೈತನಿಗೂ ನಷ್ಟ.

ಇನ್ನು ಪ್ರಮಾಣಪತ್ರಗಳ ವಿಚಾರ. ಭಾರತ ಸರಕಾರವು ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ೧೯೫೦ರಲ್ಲಿ ಆರಂಭಿಸಿತು. ನಾವು ಐ.ಟಿ.ಐ. ಎಂದು ಕರೆಯುವ ಸಂಸ್ಥೆಗಳು ಈ ಯೋಜನೆಯವು. ಪರೀಕ್ಷೆಗಳು ದೇಶದಲ್ಲೆಲ್ಲ ಒಂದೇ ಅಳತೆಯಲ್ಲಿರಲೆಂದು ೧೯೫೬ರಲ್ಲಿ ರಾಷ್ಟ್ರೀಯ ಮಂಡಳಿಯೊಂದು ಸ್ಥಾಪಿತವಾಯಿತು. ಅದರ ಸ್ಥಾನವನ್ನು ೨೦೧೮ರಲ್ಲಿ ವೃತ್ತಿ ಶಿಕ್ಷಣ ಮತ್ತು ತರಬೇತಿಯ ಹೊಸ ರಾಷ್ಟ್ರೀಯ ಮಂಡಳಿಗೆ ಕೊಡಲಾಯಿತು. ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಎಂಬ ವಿಭಾಗದ ಅಭ್ಯಾಸ ಎರಡು ವರುಷದ್ದು. ವಿಜ್ಞಾನ ಗಣಿತಗಳನ್ನೋದಿ ಹತ್ತನೆಯ ತರಗತಿ ಪಾಸಾದವರು ಇದಕ್ಕೆ ಅರ್ಹರು. ಮೀಟರು ಹಿಡಿದು ಅಳೆಯುವದು, ಬೆಸುಗೆ ಹಾಕುವದು ಮತ್ತು ಬಿಡಿಸುವದು, ಇನ್ವರ್ಟರು, ಯು.ಪಿ.ಎಸ್., ಸೌರ ವಿದ್ಯುತ್ತು, ಮೊಬೈಲು ಇವೆಲ್ಲ ಅದರ ಪಾಠಗಳು. ಕೊನೆಗೆ ಬರೆಹದ ಪರೀಕ್ಷೆಯೂ ಕೈಕೆಲಸದ ಪರೀಕ್ಷೆಯೂ ಉಂಟು.

ಇದರ ಮೇಲೆ ೧೯೬೧ರ ಶಿಶಿಕ್ಷು ಕಾಯಿದೆಯ ಮೇರೆಗೆ ಕಾರಖಾನೆಯಲ್ಲಿ ಉಮೇದುವಾರಿ ಮಾಡಿದವರಿಗೆ ಇನ್ನೊಂದು ಪ್ರಮಾಣಪತ್ರ ದೊರೆಯುತ್ತದೆ. ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸಿನಂಥ ಸಂಸ್ಥೆಯು ತಂತ್ರಜ್ಞರ ಹುದ್ದೆಗಳಿಗೆ ಈ ಎರಡನ್ನೂ ಕೇಳಿದ್ದುಂಟು.

ಎರಡು ವರುಷ ಕೂಡ್ರಲಾರದವರಿಗೆ ಕೆಲವೇ ತಿಂಗಳ ಶಿಕ್ಷಣಗಳೂ ಇವೆ. ೨೦೧೫ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಕಲಿಸುವವರು ಬೇರೆ, ಪರೀಕ್ಷಿಸುವವರು ಬೇರೆ. ಇದು ಮೆಚ್ಚತಕ್ಕ ಏರ್ಪಾಡು. ಶಾಲೆಗೆ ಹೋಗದೆ ಅಂಗಡಿಯಲ್ಲಿಯೇ ಕಲಿತವರ ಜ್ಞಾನವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕ್ರಮವನ್ನೂ ಈ ಯೋಜನೆಯಲ್ಲಿ ತಂದರು.

ಹೊರನಾಡುಗಳ ಪದ್ಧತಿ ಹೇಗಿದೆಯೆಂದು ನೋಡಿದರೆ ಎರಡು ಮಾರ್ಗಗಳು ಕಾಣುವವು. ಜರ್ಮನಿಯಲ್ಲಿ ಈ ಕಸಬಿನ ಸ್ವಂತ ಅಂಗಡಿ ತೆರೆಯಲು ಸಾಮಾನ್ಯವಾಗಿ ಮೈಸ್ಟರ್ ಎಂಬ ಮೇಲ್ಮಟ್ಟದ ಪರೀಕ್ಷೆ ಆಗಿರಬೇಕು. ಅಮೇರಿಕೆಯಲ್ಲಿ ೧೯೬೫ರಿಂದ ಕಸಬಿನವರ ಸಂಘಗಳೇ ಪರೀಕ್ಷೆ ನಡೆಸುತ್ತ ಬಂದಿವೆ. ಅದನ್ನು ಕೊಡುವದು ಬಿಡುವದು ಅವರವರ ಇಚ್ಛೆ. ಅಲ್ಲಿಯೇ ೧೯೯೩ರಲ್ಲಿ ಕಂಪ್ಯೂಟರ್ ದುರಸ್ತಿಗಾಗಿ ಹುಟ್ಟಿದ ಎ-ಪ್ಲಸ್ ಎಂಬ ಪ್ರಮಾಣಪತ್ರವು ಈಗ ಮೂರು ವರುಷಕ್ಕೊಮ್ಮೆ ನವೀಕರಣ ಬೇಡುತ್ತದೆ. ಇದರಲ್ಲಿಯೂ ಒಂದು ಪಾಠವುಂಟು. ಗಾಜಿನ ನಳಿಗೆಯ ಟಿ.ವಿ.ಯನ್ನು ಬಲ್ಲವರಿಗೆ ಇಂದಿನ ತೆಳುಹಲಗೆಯ ಟಿ.ವಿ. ಹೊಸದೇ, ಒಮ್ಮೆ ಪಾಸಾದವರು ಕಲಿಯುವದನ್ನು ಬಿಡಕೂಡದು.

ಕಾಗದವೇ ಕೌಶಲವೆಂದು ನಾವು ಹೇಳುವದಿಲ್ಲ. ಎಷ್ಟೋ ಮಂದಿ ಕಾಗದವಿಲ್ಲದ ಕುಶಲರು ನಮ್ಮ ಪೇಟೆಗಳಲ್ಲಿದ್ದಾರೆ. ಆದರೂ ಅಂಗಡಿಯಲ್ಲಿ ನೋಡಿ ಕಲಿತವರು ಏನು ಮಾಡಬೇಕೆಂಬದನ್ನು ಬಲ್ಲರು, ಏಕೆ ಮಾಡಬೇಕೆಂಬದನ್ನು ಹಲವು ವೇಳೆ ಅರಿಯರು. ಮನೆಯ ೨೩೦ ವೋಲ್ಟಿನ ಪ್ರವಾಹವು ಟಿ.ವಿ.ಯೊಳಗೆ ನೇರ ಪ್ರವಾಹವಾದಾಗ ಸುಮಾರು ೩೨೫ ವೋಲ್ಟಾಗಿ ಕೆಪ್ಯಾಸಿಟರಿನಲ್ಲಿ ಕೂಡಿಕೊಳ್ಳುವದು. ಪ್ಲಗ್ಗು ಕಿತ್ತ ಮೇಲೆಯೂ ಅದು ಕೆಲಹೊತ್ತು ಅಲ್ಲಿಯೇ ಉಳಿದಿರಬಹುದು. ಅದನ್ನು ಮೊದಲು ಸರಿಯಾದ ರೀತಿಯಲ್ಲಿ ಬರಿದುಮಾಡಿ, ಅಳೆದು, ಆಮೇಲೆ ಮುಟ್ಟಬೇಕೆಂಬ ಶಿಸ್ತು ಜೀವ ಉಳಿಸುವಂಥದು. ಒಳ್ಳೆಯ ಪರೀಕ್ಷೆಯು ಈ ಶಿಸ್ತನ್ನೇ ನೋಡುತ್ತದೆ.

ಈಗ ಮುಖ್ಯ ಮಾತಿಗೆ ಬರುವೆವು. ಹುಡುಗನಾದರೆ ಸೋದರಮಾವನ ಅಂಗಡಿಯಲ್ಲಿ ಕುಳಿತು ಎರಡು ವರುಷದಲ್ಲಿ ಕಸಬು ಹಿಡಿಯುವನು; ಅವನನ್ನು ಯಾರೂ ಕಾಗದ ಕೇಳರು. ಹುಡುಗಿಯನ್ನು ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಕೂಡ್ರಿಸಲು ಎಷ್ಟು ಮನೆಯವರು ಒಪ್ಪುವರು? ಒಪ್ಪಿದರೂ, ಇವಳಿಗೆ ಬರುವದೋ ಎಂದು ಗಿರಾಕಿ ಎರಡು ಸಲ ನೋಡುವನು. ಆದ್ದರಿಂದ ಅವಳಿಗೆ ಕಲಿಯುವ ದಾರಿ ತರಗತಿ. ತೋರಿಸುವ ಸಾಕ್ಷಿ ಪರೀಕ್ಷೆ. ಇನ್ನೂ ಒಂದುಂಟು. ಮದುವೆಯಾಗಿ ಪರವೂರಿಗೆ ಹೋದರೆ ತವರಿನಲ್ಲಿ ಗಳಿಸಿದ ಹೆಸರು ತವರಿನಲ್ಲಿಯೇ ಉಳಿಯುವದು. ಪ್ರಮಾಣಪತ್ರವು ಅವಳ ಸಂಗಡ ಹೋಗುವದು. ಸ್ತ್ರೀಯರಿಗಾಗಿಯೇ ಕೇಂದ್ರ ಸರಕಾರದ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯೊಂದು ಬೆಂಗಳೂರಿನಲ್ಲಿದೆ, ಸಾಮಾನ್ಯ ಐ.ಟಿ.ಐ.ಗಳ ಬಾಗಿಲೂ ಹುಡುಗಿಯರಿಗೆ ತೆರೆದೇ ಇದೆ.

ತಾಯಿತಂದೆಗಳಲ್ಲಿ ನಮ್ಮ ವಿನಂತಿಯಿಷ್ಟು. ಮಗಳನ್ನು ಸೇರಿಸುವ ಮೊದಲು ಆ ಸಂಸ್ಥೆಗೆ ರಾಷ್ಟ್ರೀಯ ಮಂಡಳಿಯ ಮಾನ್ಯತೆಯುಂಟೋ ಎಂದು ವಿಚಾರಿಸಿರಿ. ಪರೀಕ್ಷೆ ನಡೆಸುವವರು ಯಾರೆಂದು ಕೇಳಿರಿ. ಕೈಕೆಲಸದ ಕೋಣೆಯನ್ನು ಕಣ್ಣಾರೆ ನೋಡಿ ಬನ್ನಿರಿ; ಧೂಳು ಹಿಡಿದ ಮೀಟರುಗಳು ತಾವೇ ಉತ್ತರ ಹೇಳುವವು. ಹಣ ಕೊಟ್ಟರೆ ಪರೀಕ್ಷೆಯಿಲ್ಲದೆ ಕಾಗದ ಕೊಡುವೆವೆಂಬವರಿಂದ ದೂರವಿರಿ. ಎಲ್ಲಕ್ಕೂ ಮೊದಲು, ಹುಡುಗಿಗೇಕೆ ಗಣಿತ ವಿಜ್ಞಾನಗಳೆಂದು ಅವುಗಳಲ್ಲಿ ಅವಳ ಮನಸ್ಸು ಕುಗ್ಗಿಸಬೇಡಿರಿ. ಈ ಬಾಗಿಲಿನ ಕೀಲಿಕೈಗಳು ಅವೇ.

ನಮ್ಮ ಶಾಲೆಯ ಹಿಂದಿನ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಮುಂದೊಂದು ದಿನ ರೈತನ ಕಬ್ಬು ತೂಗುವ ಕಾಟಾವನ್ನು ಬಿಚ್ಚಿ, ಸರಿಮಾಡಿ, ಮುದ್ರೆಗೆ ಒಪ್ಪಿಸುವವರಾದರೆ, ಊರಿಗೆ ಊರೇ ಆ ಕೈಯನ್ನು ನಂಬುವದು. ಆ ನಂಬಿಕೆಗೆ ಕಾಗದವು ಮೊದಲನೆಯ ಸಾಕ್ಷಿ. ದಿನದಿನದ ಪ್ರಾಮಾಣಿಕ ಕೆಲಸವು ಕೊನೆಯ ಸಾಕ್ಷಿ.