ತಂತಿಯ ಲೋಹವೂ ನಾದದ ಗುಣವೂ

ವಾದ್ಯದ ನಾದಗುಣವನ್ನು ಕುರಿತು ಮಾತನಾಡುವಾಗ ನಾವು ಹಲಸಿನ ಮರವನ್ನು ಹೊಗಳುತ್ತೇವೆ, ವಾದಕನ ಕೈಯನ್ನು ಹೊಗಳುತ್ತೇವೆ, ತಂತಿಯನ್ನು ಮರೆಯುತ್ತೇವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಭಜನೆಗಳಿಗೆ ಶ್ರುತಿ ನೀಡುವ ತಂಬೂರಿಯನ್ನೇ ಪರಿಶೀಲಿಸೋಣ.

ಅದರ ನಾಲ್ಕು ತಂತಿಗಳಲ್ಲಿ ಪಂಚಮ, ಸಾರಣಿ, ಅನುಸಾರಣಿಗಳು ಸಾಮಾನ್ಯವಾಗಿ ಉಕ್ಕಿನವು, ಮಂದ್ರವು ಹಿತ್ತಾಳೆಯದು. ಇದಕ್ಕೆ ಕಾರಣವುಂಟು. ಮಂದ್ರ ಷಡ್ಜದ ಕಂಪನಸಂಖ್ಯೆ ಸಾರಣಿಯದರ ಅರ್ಧದಷ್ಟು. ಅದೇ ಉದ್ದ, ಅದೇ ಬಿಗಿತದಲ್ಲಿ ಆ ಸ್ವರವು ಹೊರಡಬೇಕಾದರೆ ತಂತಿಯು 4 ಪಟ್ಟು ಭಾರವಾಗಿರಬೇಕು. ಅಷ್ಟು ದಪ್ಪನೆಯ ಉಕ್ಕು ಪೆಡಸಾಗಿ, ಅದರ ಮೇಲ್ಸ್ವರಗಳು ಶ್ರುತಿಯಿಂದ ಜಾರುತ್ತವೆ. ಹಿತ್ತಾಳೆಯು ಉಕ್ಕಿಗಿಂತ ತುಸು ಭಾರ, ಸುಲಭವಾಗಿ ಬಾಗುವಂಥದು. ಆದುದರಿಂದ ನಾದವು ತುಂಬಿ ಬರುತ್ತದೆ. ಮಂದ್ರವು ಹರಿದಾಗ ಸಾರಣಿಯ ತೆಳುತಂತಿಯನ್ನೇ ಕಟ್ಟಿದರೆ, ಬಿಗಿತವನ್ನು ಕಾಲುಭಾಗಕ್ಕೆ ಇಳಿಸಬೇಕಾಗುತ್ತದೆ, ನಾದವು ಬಡವಾಗುತ್ತದೆ.

ವಿದ್ಯುತ್ ಗಿಟಾರಿಗೂ ಇದೇ ನಿಯಮ. ಅಲ್ಲಿ ಮಂದ್ರದ ತಂತಿಗಳಿಗೆ ತೆಳುವಾದ ಉಕ್ಕಿನ ಎಳೆಯ ಮೇಲೆ ಮತ್ತೊಂದು ತಂತಿಯನ್ನು ಸುತ್ತಿ, ಪೆಡಸಾಗದಂತೆ ಭಾರವನ್ನು ಹೆಚ್ಚಿಸುತ್ತಾರೆ. ಅದರ ಪಿಕಪ್ಪಿನಲ್ಲಿ ಆಯಸ್ಕಾಂತವಿರುವುದರಿಂದ ಬರಿಯ ಹಿತ್ತಾಳೆಯ ತಂತಿ ಅದಕ್ಕೆ ಬಹುಮಟ್ಟಿಗೆ ಕೇಳಿಸದು. ಉಕ್ಕು, ನಿಕ್ಕಲ್‌ಗಳೇ ಬೇಕು. ಶುದ್ಧ ನಿಕ್ಕಲ್ ಸುತ್ತಿದ ತಂತಿಯ ದನಿ ಮೃದು; ತುಕ್ಕುಹಿಡಿಯದ ಉಕ್ಕಿನದು ಪ್ರಖರ, ಬೆರಳಿಗೆ ತುಸು ಒರಟು.

ಎಳೆಯ ಕಿವಿಯು ತಂಬೂರಿಯನ್ನು ನಂಬಿ ಶ್ರುತಿಯನ್ನು ಕಲಿಯುತ್ತದೆ. ಅದು ತಪ್ಪಿದರೆ ಮಗುವಿನ ಕಂಠವೂ ತಪ್ಪುತ್ತದೆ. ಆದಕಾರಣ ಶಾಲೆಗಳಿಗೆ ವಾದ್ಯವನ್ನು ನೀಡುವ ದಾನಿಗಳು, ಪ್ರತಿ ತಂತಿಯ ಲೋಹ ಹಾಗೂ ದಪ್ಪಗಳನ್ನು ಬರೆದ ಚೀಟಿಯೊಡನೆ ಒಂದು ಜೊತೆ ತಂತಿಗಳನ್ನೂ ಇತ್ತರೆ, ಆ ದಾನವು ಬಹುಕಾಲ ಶ್ರುತಿಗೂಡಿ ನುಡಿಯುವುದು.