ಮಕ್ಕಳ ಬರಹವೂ ನಮ್ಮ ಕೆಂಪು ಶಾಯಿಯೂ



ಈ ವಾರದ ಪಾಠವನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುತ್ತೇನೆ. ತಪ್ಪು ನನ್ನದೇ.

ನಾನು ಗುರುದೀಕ್ಷೆ ಪಡೆದ ಹೊಸದರಲ್ಲಿ, ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು, "ದೇವರಲ್ಲಿ ನಿಮಗೇನು ಕೇಳಬೇಕೆನಿಸುತ್ತದೋ ಅದನ್ನು ಒಂದು ಸಾಲಿನಲ್ಲಿ ಬರೆಯಿರಿ" ಎಂದೆ. ಮೂರನೆಯ ತರಗತಿಯ ಹುಡುಗನೊಬ್ಬ ಹೀಗೆ ಬರೆದಿದ್ದ: "ದೇವ್ರೆ ನಮ್ಮಪ್ಪ ಕುಡ್ದು ಮನೆಗೆ ಬರಬಾರ್ದು." ನಾನು ಕೆಂಪು ಪೆನ್ನು ಹಿಡಿದು ಕುಳಿತಿದ್ದೆ. 'ದೇವ್ರೆ' ಎಂಬುದನ್ನು 'ದೇವರೇ' ಎಂದು, 'ಕುಡ್ದು' ಎಂಬುದನ್ನು 'ಕುಡಿದು' ಎಂದು, 'ಬರಬಾರ್ದು' ಎಂಬುದನ್ನು 'ಬರಬಾರದು' ಎಂದು ತಿದ್ದಿದೆ. ಪಕ್ಕದಲ್ಲಿ "ಕಾಗುಣಿತ ಗಮನಿಸು" ಎಂದು ಬರೆದು ಹಾಳೆಯನ್ನು ಹಿಂದಿರುಗಿಸಿದೆ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಆ ಸಾಲಿನ ಅರ್ಥ ನನಗೆ ತಟ್ಟಿತು. ಮುಂದಿನ ಭಾನುವಾರ ಅವನನ್ನು ಕರೆದು ಮಾತಾಡಿಸಿದೆ. ಹುಡುಗ ಮಾತಾಡಿದ. ಆದರೆ ಹಾಳೆ ಕೊಟ್ಟಾಗ, "ನಂಗೆ ಬರಿಯಕ್ಕೆ ಬರಲ್ಲ ಫಾದರ್" ಎಂದು ಹಿಂದೆ ಸರಿದ. ಆ ವರ್ಷವಿಡೀ ಅವನು ನನ್ನ ಮುಂದೆ ಒಂದಕ್ಷರ ಬರೆಯಲಿಲ್ಲ. ಮೂರು ಪದಗಳೇನೋ ಸರಿಯಾದವು. ಒಂದು ಮನಸ್ಸು ಮುಚ್ಚಿಕೊಂಡಿತು.

ಮನೆಯಲ್ಲಿ ಮಕ್ಕಳಿಗೆ ಬರವಣಿಗೆ ಮತ್ತು ವ್ಯಾಕರಣ ಕಲಿಸುವುದು ಹೇಗೆ ಎಂದು ನೀವು ಕೇಳುವಾಗಲೆಲ್ಲ ನನಗೆ ಆ ಹಾಳೆಯೇ ನೆನಪಾಗುತ್ತದೆ.

ಮನೆಯಲ್ಲೇಕೆ?

ನಮ್ಮ ಅರೆಕೆರೆಯ ಸ್ಥಿತಿ ನಿಮಗೆ ಗೊತ್ತೇ ಇದೆ. ಬನ್ನೇರುಘಟ್ಟ ರಸ್ತೆಯ ಎರಡೂ ಬದಿಯಲ್ಲಿ ಎಲ್ಲೆಲ್ಲಿಂದಲೋ ಬಂದ ಕುಟುಂಬಗಳಿವೆ. ಒಂದು ಮನೆಯಲ್ಲಿ ತಮಿಳು, ಇನ್ನೊಂದರಲ್ಲಿ ಕೊಂಕಣಿ, ಮತ್ತೊಂದರಲ್ಲಿ ತೆಲುಗು. ಶಾಲೆಯಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ಕನ್ನಡ. ಅಪ್ಪಟ ಕನ್ನಡದ ಮನೆಯ ಮಗುವೂ ಕನ್ನಡವನ್ನು ಚೆನ್ನಾಗಿ ಮಾತಾಡುತ್ತದೆ, ಬರೆಯಲು ಹೇಳಿದರೆ ತಡವರಿಸುತ್ತದೆ. ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯವಾಗಿ ಕಲಿಸಬೇಕೆಂಬ ಕನ್ನಡ ಭಾಷಾ ಕಲಿಕೆ ಕಾಯ್ದೆ 2015ರಲ್ಲಿ ಬಂದಿದೆ. ಕಾಯ್ದೆ ಶಾಲೆಯಲ್ಲಿ ಒಂದು ಪೀರಿಯಡ್ ಕೊಡಿಸಬಲ್ಲದು. ಭಾಷೆಯ ಮೇಲಿನ ಅಕ್ಕರೆಯನ್ನು ಮನೆಯೇ ಕೊಡಬೇಕು.

ಮಕ್ಕಳ ಮೊದಲ ಹಾಗೂ ಮುಖ್ಯ ಶಿಕ್ಷಕರು ತಂದೆತಾಯಿಗಳೇ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ ಹೇಳಿತು. ಅದಕ್ಕೂ ಬಹು ಹಿಂದೆ ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ ಮೋಶೆ, ಮಕ್ಕಳಿಗೆ ಕಲಿಸುವ ಜಾಗ ಯಾವುದೆಂದು ಹೇಳುವಾಗ ಮನೆಯನ್ನೂ ದಾರಿಯನ್ನೂ ಹೆಸರಿಸುತ್ತಾನೆ. ನಮ್ಮ ಇಂದಿನ ಪಾಠಕ್ಕೂ ಆ ಎರಡೇ ಜಾಗ ಸಾಕು.

ಮೊದಲು ಬಾಯಿ, ಆಮೇಲೆ ಕೈ

ಕನ್ನಡ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರಗಳು. ಇದನ್ನು ಬಾಯಿಪಾಠ ಮಾಡಿಸುವ ಮುನ್ನ ಅದರ ಜಾಣ್ಮೆಯನ್ನು ಮಗುವಿಗೆ ತೋರಿಸಿ. 'ಕ' ಗಂಟಲಿನ ಹತ್ತಿರ ಹುಟ್ಟುತ್ತದೆ, 'ಚ' ಅಂಗಳದಲ್ಲಿ, 'ಟ' ನಾಲಗೆಯ ತುದಿ ಮೇಲೆ ಮಡಿಚಿದಾಗ, 'ತ' ಹಲ್ಲಿಗೆ ತಾಗಿದಾಗ, 'ಪ' ತುಟಿಗಳು ಕೂಡಿದಾಗ. ಒಳಗಿನಿಂದ ಹೊರಗೆ ಬರುವ ಮೆಟ್ಟಿಲುಗಳಂತೆ ಅಕ್ಷರಗಳನ್ನು ಜೋಡಿಸಿದ್ದಾರೆ. ಮಗು ತಾನೇ ಹೇಳಿ ನೋಡಲಿ.

ಅಲ್ಪಪ್ರಾಣ, ಮಹಾಪ್ರಾಣ ಎಂದರೆ ಮಕ್ಕಳಿಗೆ ಗಾಬರಿ. ತೆಳುವಾದ ಕಾಗದದ ಚೂರೊಂದನ್ನು ಬಾಯಿಯ ಮುಂದೆ ಹಿಡಿದು 'ಪ' ಎನ್ನಿಸಿ, ನಂತರ ಉಸಿರೊತ್ತಿ 'ಫ' ಎನ್ನಿಸಿ. ಎರಡನೆಯದಕ್ಕೆ ಕಾಗದ ಹೆಚ್ಚು ಅಲುಗಾಡುತ್ತದೆ. ಆಮೇಲೆ 'ದನ' ಮತ್ತು 'ಧನ' ಎರಡನ್ನೂ ಹೇಳಿಸಿ ಬರೆಯಿಸಿ.

ನಮ್ಮ ಸೀಮೆಯ ಮಾತಿನಲ್ಲಿ 'ಹ' ಜಾರಿಹೋಗುವುದುಂಟು; ಹಾಲು ಆಲಾಗುತ್ತದೆ. "ಹಕ್ಕಿ ಅಕ್ಕಿ ತಿಂದಿತು" ಎಂದು ಬರೆಯಿಸಿದರೆ 'ಹ' ಏಕೆ ಬೇಕೆಂದು ಮಗುವಿಗೇ ತಿಳಿಯುತ್ತದೆ. ಬೆಳೆ–ಬೇಳೆ, ಕೊಡು–ಕೋಡು, ಮನೆ–ಮಣೆ, ಹಲ್ಲಿ–ಹಳ್ಳಿ, ಇಂಥ ಜೋಡಿಗಳನ್ನು ಮಕ್ಕಳೇ ಹುಡುಕಲಿ. ಧರ್ಮ, ಸ್ವರ್ಗ ಎಂಬ ಪದಗಳಲ್ಲಿ ಅರ್ಕಾವೊತ್ತು ಕಿವಿಗೆ ಮೊದಲು ಕೇಳಿಸುತ್ತದೆ, ಹಾಳೆಯಲ್ಲಿ ಆಮೇಲೆ ಬರುತ್ತದೆ. ಇದನ್ನು ಒಮ್ಮೆ ಹೇಳಿದರೆ ಸಾಲದು. ಹತ್ತು ಸಲ ತಪ್ಪಿದರೂ ಹನ್ನೊಂದನೆಯ ಸಲ ನಗುತ್ತಲೇ ಹೇಳಿ.

ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸುವಾಗ 'ಅ'ದಿಂದ 'ಳ'ದವರೆಗೆ ಸಾಲಾಗಿಯೇ ಹೋಗಬೇಕೆಂದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ ಕಲಿ' ಪದ್ಧತಿಯಲ್ಲಿ ಮೊದಲು ಕಲಿಸುವ ಅಕ್ಷರಗಳು ರ, ಗ, ಸ, ದ, ಅ. ಐದೇ ಅಕ್ಷರ ಬಂದರೆ ಸಾಕು, ಮಗು ಸರ, ಅರಸ, ಅಗಸ, ದಸರ ಎಂದು ಬರೆದುಬಿಡುತ್ತದೆ. ಮೊದಲ ವಾರವೇ ಅಕ್ಷರಕ್ಕೆ ಅರ್ಥ ಕೂಡಿಬರುತ್ತದೆ. ಬರೀ ತಿದ್ದಿಸುವುದರಲ್ಲಿ ಆ ಸಂತೋಷವಿಲ್ಲ.

ದಾರಿಯಲ್ಲೊಂದು ವ್ಯಾಕರಣ ಪುಸ್ತಕ

ಸುಮಾರು 1260ರಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ವೆಂಬ ಕನ್ನಡ ವ್ಯಾಕರಣವನ್ನು ಬರೆದನು. ಅದನ್ನು ಓದಿಸಲು ನಿಮಗೆ ಹೇಳುತ್ತಿಲ್ಲ. ಬಸ್ಸು ಕಾಯುವಾಗ ಬೋರ್ಡುಗಳನ್ನು ಓದಿಸಿ, ಅದರಲ್ಲೇ ಸಂಧಿ, ಸಮಾಸ, ತದ್ಭವ ಎಲ್ಲವೂ ಇವೆ.

ಅರೆಕೆರೆ: ಅರೆ ಮತ್ತು ಕೆರೆ. ಎರಡು ಪದ ಸೇರಿ ಒಂದು ಹೆಸರಾಯಿತು. 'ಅರೆ' ಎಂದರೆ ಅರ್ಧ, ಬಂಡೆ ಎಂದೂ ಅರ್ಥವಿದೆ. ಕೆರೆಯ ಬಳಿ ನಿಲ್ಲಿಸಿ, ಯಾವ ಅರ್ಥ ಹೊಂದುತ್ತದೆಂದು ಮಗುವನ್ನೇ ಕೇಳಿ. ಇದೇ ಹೆಸರನ್ನು ಕೆಲವರು 'ಅರಕೆರೆ' ಎಂದೂ ಬರೆಯುತ್ತಾರೆ. ಎಷ್ಟು ಬೋರ್ಡುಗಳಲ್ಲಿ ಯಾವುದಿದೆ ಎಂದು ಎಣಿಸಲಿ. ಒಂದು ಏತ್ವವನ್ನು ಅಷ್ಟು ಗಮನವಿಟ್ಟು ನೋಡಿದ ಮಗು ಮುಂದೆ ಅದನ್ನು ಸುಲಭವಾಗಿ ಮರೆಯದು.

ಇನ್ನು ಮುಂದೆ ಹೋದರೆ ಗೊಟ್ಟಿಗೆರೆ. ಅಲ್ಲಿರುವುದೂ ಕೆರೆಯೇ, ಆದರೆ 'ಕ' ಹೋಗಿ 'ಗ' ಬಂದಿದೆ. ಇದೇ ಆದೇಶ ಸಂಧಿ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದಂತೆ. ಹಾಗಾದರೆ ಅರೆಕೆರೆ, ತಾವರೆಕೆರೆಗಳಲ್ಲಿ 'ಕ' ಏಕೆ ಉಳಿಯಿತು ಎಂದು ಜಾಣ ಮಗು ಕೇಳೀತು. "ಊರಿನ ಹೆಸರುಗಳು ಜನರ ನಾಲಗೆಯಲ್ಲಿ ಬೆಳೆದವು, ಎಲ್ಲವೂ ಒಂದೇ ನಿಯಮಕ್ಕೆ ಬಗ್ಗಲಿಲ್ಲ" ಎಂದು ನಿಜವನ್ನೇ ಹೇಳಿ. ಹುಳಿಮಾವು ಎಂದರೆ ಹುಳಿಯಾದ ಮಾವು. ಒಂದು ಪದ ಇನ್ನೊಂದನ್ನು ಬಣ್ಣಿಸುವ ಕರ್ಮಧಾರಯ ಸಮಾಸ. 'ಳ' ಬರೆಯುವಲ್ಲಿ 'ಲ' ಬರೆದರೆ ಬನ್ನೇರುಘಟ್ಟದ ಹುಲಿಯೇ ಮಾವಿನ ತೋಪಿಗೆ ಬಂದಂತಾಗುತ್ತದೆ! ಬನಶಂಕರಿಯಲ್ಲಿ 'ವನ' ಎಂಬ ಸಂಸ್ಕೃತ ಪದ 'ಬನ' ಆಗಿದೆ, 'ವರ್ಣ'ವು 'ಬಣ್ಣ' ಆದಂತೆ. ತತ್ಸಮ, ತದ್ಭವ ಎಂದರೆ ಇಷ್ಟೇ. ಬಿ.ಟಿ.ಎಂ. ಎಂಬ ಮೂರಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಅಡಗಿವೆ ಎಂದರಂತೂ ದೊಡ್ಡವರೂ ಕಿವಿಗೊಡುತ್ತಾರೆ.

ಅಡುಗೆಮನೆಯ ವಿಭಕ್ತಿ

ವಿಭಕ್ತಿ ಪ್ರತ್ಯಯಗಳ ಪಟ್ಟಿಯನ್ನು ಉರುಹೊಡೆದು ಮರುದಿನ ಮರೆಯುವ ಮಕ್ಕಳೇ ಹೆಚ್ಚು. ಅದೇ ಮಗುವನ್ನು, "ಈ ತಿಂಡಿ ಯಾರಿಗೆ?" ಎಂದು ಕೇಳಿ. "ಅಣ್ಣನಿಗೆ" ಎನ್ನುತ್ತದೆ. "ಎಲ್ಲಿಗೆ ಹೋಗೋಣ?" ಎಂದರೆ "ಮನೆಗೆ", "ಊರಿಗೆ", "ಹಬ್ಬಕ್ಕೆ" ಎನ್ನುತ್ತದೆ. ಒಂದೇ ಚತುರ್ಥಿ ವಿಭಕ್ತಿ ಒಂದೊಂದು ಪದಕ್ಕೆ ಒಂದೊಂದು ಬಗೆಯಲ್ಲಿ ಅಂಟಿಕೊಂಡಿತು. ಯಾರೂ ಕಲಿಸದೆ ಮಗು ಸರಿಯಾಗಿಯೇ ಹೇಳಿತು. "ನೋಡು, ನಿನಗೆ ವ್ಯಾಕರಣ ಆಗಲೇ ಬರುತ್ತದೆ. ಅದಕ್ಕೆ ಹೆಸರಿಡುವುದಷ್ಟೇ ಬಾಕಿ" ಎಂದು ಹೇಳಿ. ಆ ಮಾತು ಮಗುವಿಗೆ ಎಷ್ಟು ಧೈರ್ಯ ಕೊಡುತ್ತದೆಂದು ನೋಡಿ.

ಮನೆಯಲ್ಲಿ ಬೇರೆ ಭಾಷೆಯಾಡುವ ಮಗು 'ಹಬ್ಬಗೆ', 'ಪುಸ್ತಕಗೆ' ಎನ್ನಬಹುದು. ಕೆಲವು ಪುಟಾಣಿಗಳು ನನ್ನನ್ನು ಕಂಡು "ಫಾದರ್ ಬಂತು" ಎಂದು ಕೂಗಿ ನನ್ನನ್ನು ಬಸ್ಸು, ಲಾರಿಗಳ ಸಾಲಿಗೆ ಸೇರಿಸುವುದೂ ಉಂಟು. ಆಗ ನಗಬೇಡಿ, ಗದರಬೇಡಿ. "ಹೌದು, ಫಾದರ್ ಬಂದರು" ಎಂದು ಸರಿಯಾದ ರೂಪದಲ್ಲೇ ಉತ್ತರಿಸಿ. ಕೇಳಿ ಕೇಳಿ ಕಿವಿ ಕಲಿಯುತ್ತದೆ. ಅವನು ಬಂದನು, ಅವಳು ಬಂದಳು, ಅದು ಬಂದಿತು, ಅವರು ಬಂದರು ಎಂಬುದರಲ್ಲಿ ಲಿಂಗ, ವಚನಗಳ ಜೊತೆಗೆ ಹಿರಿಯರಿಗೆ ಕೊಡುವ ಮರ್ಯಾದೆಯೂ ಸೇರಿದೆ.

ಓದುವವರಿಲ್ಲದ ಬರಹ ಬೆಳೆಯದು

ಕಾಪಿ ಬರೆದರೆ ಅಕ್ಷರ ದುಂಡಗಾಗುತ್ತದೆ. ಉಕ್ತಲೇಖನದಿಂದ ಕಾಗುಣಿತ ಗಟ್ಟಿಯಾಗುತ್ತದೆ. ಎರಡೂ ಬೇಕು, ದಿನಕ್ಕೆ ಹತ್ತು ನಿಮಿಷ ಸಾಕು. ಆದರೆ ಬರೆಯುವ ಆಸೆ ಹುಟ್ಟುವುದು, ಬರೆದದ್ದನ್ನು ಯಾರಾದರೂ ಓದಿ ಉತ್ತರ ಕೊಟ್ಟಾಗ. ತಿಂಗಳ ಸಾಮಾನಿನ ಚೀಟಿಯನ್ನು ಮಗುವಿನಿಂದ ಬರೆಯಿಸಿ, ಅದನ್ನೇ ಅಂಗಡಿಗೆ ಒಯ್ಯಿರಿ. 'ಬೇಳೆ' ಬದಲು 'ಬೆಳೆ' ಎಂದಿದ್ದರೆ ಅಂಗಡಿಯವರೇ ನಕ್ಕು ತಿದ್ದುತ್ತಾರೆ. ಊರಿನ ಅಜ್ಜಿಗೆ ಅಂಚೆ ಕಾರ್ಡು ಬರೆಯಲಿ. ರಾತ್ರಿ ಜಪಸರದ ವೇಳೆಗೆ ಮನೆಯವರ ಕೋರಿಕೆಗಳನ್ನು ಮಗುವೇ ಬರೆದು ಓದಲಿ. ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುವ ಅಭ್ಯಾಸವನ್ನು ಮೊದಲು ದೊಡ್ಡವರು ಬಿಡಬೇಕು. ನಾವು ಬಿಡದೆ ಮಕ್ಕಳು ಬಿಡರು.

ತಿದ್ದುವುದು ಹೇಗೆ?

ಆ ಹುಡುಗನ ಹಾಳೆಯಿಂದ ನಾನು ಕಲಿತದ್ದು ಮೂರು ಮಾತು.

1. ಮೊದಲು ಉತ್ತರ, ಆಮೇಲೆ ತಿದ್ದುಪಡಿ. ಮಗು ಏನು ಹೇಳಿದೆ ಎಂಬುದಕ್ಕೆ ಒಂದು ಮಾತು ಬರೆಯಿರಿ, ಇಲ್ಲವೇ ಆಡಿ. ಕಾಗುಣಿತ ನಾಳೆಯವರೆಗೂ ಕಾಯುತ್ತದೆ. ಮನಸ್ಸು ಕಾಯುವುದಿಲ್ಲ.

2. ಒಂದು ಸಲಕ್ಕೆ ಒಂದೇ ಬಗೆಯ ತಪ್ಪು. ಈ ವಾರ ಒತ್ತಕ್ಷರವೆಂದರೆ ಒತ್ತಕ್ಷರವಷ್ಟೇ. ಉಳಿದವನ್ನು ಕಂಡೂ ಕಾಣದಂತಿರಿ.

3. ತಪ್ಪಿನ ಕಾರಣ ಹುಡುಕಿ. 'ಬರಬಾರ್ದು' ಎಂದು ಬರೆದ ಹುಡುಗನ ಕಿವಿ ಸರಿಯಾಗಿಯೇ ಇತ್ತು. ನಾವೆಲ್ಲರೂ ಹಾಗೆಯೇ ಮಾತಾಡುವುದು. ಆಡುಮಾತು ಮನೆಯಲ್ಲಿ ಉಡುವ ಬಟ್ಟೆ, ಬರಹ ಭಾನುವಾರ ಪೂಜೆಗೆ ಉಡುವ ಬಟ್ಟೆ. ಎರಡೂ ನಮ್ಮವೇ. ಯಾವಾಗ ಯಾವುದು ಎಂದು ಹೇಳಿಕೊಟ್ಟರೆ ಮಗುವಿಗೆ ತನ್ನ ಮಾತಿನ ಬಗ್ಗೆ ನಾಚಿಕೆಯಾಗದು.

"ನಮಗೇ ಸರಿಯಾಗಿ ಬರದು, ಫಾದರ್"

ಈ ಮಾತನ್ನು ಬಹಳ ತಾಯಂದಿರು ಹೇಳುತ್ತಾರೆ. 17ನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿ ಗುರುಗಳು ಇಟಲಿಯವರು. ಜನರಿಂದಲೇ ಕನ್ನಡ ಕಲಿತು, ಅದರಲ್ಲಿ ಧರ್ಮೋಪದೇಶದ ಪುಸ್ತಕ ಬರೆದರು, ಕನ್ನಡದ ವ್ಯಾಕರಣವನ್ನೂ ರಚಿಸಿದರು. ಜರ್ಮನಿಯಿಂದ ಬಂದ ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಪರದೇಶದವರಿಗೆ ಸಾಧ್ಯವಾದದ್ದು ಇಲ್ಲೇ ಬಾಳುವ ನಮಗೆ ಅಸಾಧ್ಯವೇ? ನಮ್ಮ ಪಕ್ಕದ ಜಯನಗರದಲ್ಲೇ ಇದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913–2021) 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆಲ್ಲ ವರ್ಷಾನುಗಟ್ಟಲೆ ಉತ್ತರಿಸಿದರು. ಕೇಳಲು ನಾಚದ ಓದುಗರಿದ್ದರು, ಆದ್ದರಿಂದ ಅಂಕಣ ನಡೆಯಿತು. ನೀವೂ ಕೇಳಿ. ಮನೆಯಲ್ಲೊಂದು ನಿಘಂಟು ಇರಲಿ. "ನನಗೂ ಗೊತ್ತಿಲ್ಲ, ಬಾ ನೋಡೋಣ" ಎನ್ನುವ ತಾಯಿಯಿಂದ ಮಗು ಕಲಿಯುವುದು ಬಹಳ.

ತಂದೆಯಂದಿರಿಗೂ ಒಂದು ಮಾತು. ಲೂಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ, ಮಾತು ನಿಂತುಹೋಗಿದ್ದ ಜಕರೀಯನು ಬರೆಯುವ ಹಲಗೆ ತರಿಸಿ ತನ್ನ ಮಗನ ಹೆಸರನ್ನು ಬರೆಯುತ್ತಾನೆ. ಬರೆದ ಕೂಡಲೇ ಅವನ ನಾಲಗೆ ಸಡಿಲವಾಗುತ್ತದೆ. ನಿಮ್ಮ ಮಗುವಿನ ಹೆಸರನ್ನು ಕನ್ನಡದಲ್ಲಿ ನೀವು ಕೊನೆಯ ಸಲ ಬರೆದದ್ದು ಯಾವಾಗ? ಈ ಕೆಲಸವನ್ನು ಪೂರ್ತಿಯಾಗಿ ತಾಯಿಗೆ ಬಿಡಬೇಡಿ.

ಈ ವಾರ ಮನೆಯಲ್ಲಿ ಮಾಡಿ ನೋಡಿ

• ಮನೆಯ ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ ಇನ್ನೊಬ್ಬರಿಗೆ ಎರಡು ಸಾಲು ಬರೆಯಿರಿ. ದೊಡ್ಡವರಿಗೂ ವಿನಾಯಿತಿ ಇಲ್ಲ.

• ಬಸ್ಸಿನ ಬೋರ್ಡುಗಳಿಂದ ಐದು ಊರ ಹೆಸರು ಬಿಡಿಸಿ ಬರೆಯಿರಿ.

• ಮಗುವಿನ ಹಾಳೆಗೆ ಮೊದಲು ಉತ್ತರ ಬರೆಯಿರಿ. ಕೆಂಪು ಪೆನ್ನನ್ನು ಏಳು ದಿನ ಮೇಜಿನೊಳಗಿಡಿ.

ಮಗು ಬರೆದದ್ದರಲ್ಲಿ ನಿಮಗೆ ಹಿಡಿಸದ ಮಾತೂ ಇರಬಹುದು, ನಿಮ್ಮ ಬಗ್ಗೆಯೇ ಇರಬಹುದು. ಆಗಲೂ ಪೂರ್ತಿ ಓದಿ. ಅಂದು ನನಗೆ ಕೇಳಿಸದೆ ಹೋದ ಸಾಲು ನಿಮ್ಮ ಮನೆಯಲ್ಲಾದರೂ ನಿಮ್ಮ ಕಿವಿಗೆ ಬೀಳಲಿ.